ಲೇಪ ಒಣಗುವಷ್ಟು ಹೊತ್ತು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚೂಟಿಗೆ ಅಮ್ಮನ ನೂರು ಮುತ್ತು.

ನೀನು ಮನೆ ಬಿಟ್ಟು ಇವತ್ತಿಗೆ ನಲವತ್ತೊಂದು ದಿನ. ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡುತ್ತೇನೆ, ಮಾತ್ರೆ ನುಂಗುತ್ತೇನೆ, ಮೊಣಕಾಲು ಹೇಳಿದ ಮಾತು ಕೇಳುತ್ತದೆ. ನನ್ನ ಬಗ್ಗೆ ಯೋಚನೆ ಬೇಡ.

ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಹೋದ ಮೂರನೆಯ ದಿನ ಅಳಿಯಂದಿರು ಹಾಲಿಗೊಂದು, ಅಡುಗೆಮನೆಗೊಂದು ಕ್ಯಾಮೆರಾ ಹಾಕಿಸಿದರು. "ಒಬ್ರೇ ಇರ್ತೀರಲ್ಲ ಅತ್ತೆ, ಬಿದ್ದುಗಿದ್ದರೆ ನಂಗೆ ಗೊತ್ತಾಗ್ಬೇಕಲ್ವಾ" ಎಂದರು. ಅಂಗಡಿಯಲ್ಲಿ ಯಾರಿಗೋ ಕನ್ನಡಕ ಹೊಂದಿಸುತ್ತಲೇ ನಾನು ಸಾರಿಗೆ ಎಷ್ಟು ಉಪ್ಪು ಹಾಕಿದೆ ಎಂದು ನೋಡಬಲ್ಲರು. ಬಾಲ್ಕನಿಗೆ ಮಾತ್ರ ಅವುಗಳ ಕಣ್ಣು ಬರುವುದಿಲ್ಲ. ಮೆಷಿನ್ ಒಂದು ಸುತ್ತು ಮುಗಿಸಲು ಐವತ್ತು ನಿಮಿಷ ಬೇಕು. ಅಷ್ಟು ಹೊತ್ತು ನಾನು ಕಾಣದಿದ್ದರೂ ಫೋನು ಬರುವುದಿಲ್ಲ. ಹಾಗಾಗಿ ಈ ವಾರವೆಲ್ಲ ಒಗೆದದ್ದನ್ನೇ ಒಗೆಯುತ್ತಿದ್ದೇನೆ. ಪಾಪ, ಈ ಮನೆಯ ಪರದೆಗಳು ಯಾವ ಕರ್ಮ ಮಾಡಿದ್ದವೋ.

ನಾಳೆ ನನಗೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗುವುದಿದೆ. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆ ಎಂದು ಸುಳ್ಳು ಹೇಳಿದ್ದೇನೆ. ಕಳೆದ ವಾರವೂ ಹೋಗಿದ್ದೆ; ಆಗ ನಿಜವಾಗಿಯೂ ಒತ್ತುತ್ತಿತ್ತು. ಅಳಿಯಂದಿರು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಡಾಕ್ಟರಮ್ಮ ನನ್ನ ಬಾಯಿಯಲ್ಲಿ ಕನ್ನಡಿ, ಕೊಕ್ಕೆ ಎಲ್ಲ ಇಟ್ಟು, ಕಿವಿಯ ಹತ್ತಿರ ಬಗ್ಗಿ, "ಅವಳು ಚೆನ್ನಾಗಿದಾಳೆ. ಕೆಲಸ ಸಿಕ್ಕಿದೆ. ನಿಮ್ಮನ್ನ ಕೇಳ್ತಾ ಇರ್ತಾಳೆ. ನೀವೂ ಬರೋದಾದ್ರೆ ಜಾಗ ಇದೆ" ಎಂದರು. ಬಾಯಿ ಅಗಲವಾಗಿ ತೆರೆದಿದೆ, ಒಂದು ಮಾತೂ ಆಡುವಂತಿಲ್ಲ. ನನ್ನಂಥವಳಿಗೆ ಸುದ್ದಿ ಹೇಳಲು ಅದೇ ಸರಿಯಾದ ಭಂಗಿ. ಕಣ್ಣಿನಲ್ಲಿ ನೀರು ಬಂತು. "ನೋವಾಯ್ತಾ?" ಎಂದು ಜೋರಾಗಿ, ಹೊರಗೆ ಕೇಳುವ ಹಾಗೆ ಕೇಳಿದರು. ಒಳ್ಳೆಯ ಹೆಣ್ಣುಮಗಳು. ನೀನು ಅವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಒಮ್ಮೆಯೂ ಸರಿಯಾಗಿ ಮಾತಾಡಿಸಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬಂದೇ ಬರುತ್ತೇನೆ, ಸ್ವಲ್ಪ ಸುತ್ತಿಕೊಂಡು.

ನಾವಿಬ್ಬರೂ ಸಿಟಿಗೆ ಹೋದ ಆ ಶನಿವಾರ ನೆನಪಿದೆಯಲ್ಲ? ಮರೆಯುವುದೆಲ್ಲಿಂದ ಬಂತು. "ಅಮ್ಮ, ಎರಡು ದಿನ ಹೋಗಿಬರೋಣ, ನಾವಿಬ್ರೇ. ನದಿ ಪಕ್ಕ ನಡೆಯೋಣ, ಮ್ಯೂಸಿಯಂ ನೋಡೋಣ, ರೂಮಲ್ಲಿ ಕೂತು ನೀನು ಚಿಕ್ಕಂದಿನಲ್ಲಿ ಹಚ್ತಿದ್ಯಲ್ಲ, ಆ ಲೇಪ ಹಚ್ಚು" ಎಂದೆ. ನಿನ್ನ ಕೆನ್ನೆಯ ಮೇಲೆ ಆಗ ಕೆಂಪು ಕಲೆಗಳು ಎದ್ದಿದ್ದವು. ಅಳಿಯಂದಿರು ತಂದ ಕ್ರೀಮುಗಳು ಕನ್ನಡಿಯ ಮುಂದೆ ಸಾಲಾಗಿ ನಿಂತಿದ್ದವು. ಹಚ್ಚಿದಷ್ಟೂ ಕಲೆ ಹೆಚ್ಚಿತು. ಅವರು ಬೆಳಿಗ್ಗೆ ನಿನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಗಲ್ಲ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು. ಕ್ಲಿನಿಕ್ಕಿನ ಔಷಧಿಯಿಂದ ಕೈ ಹಾಳಾಗುತ್ತದೆ ಎಂದು ಮೊದಲು ಕೆಲಸ ಬಿಡಿಸಿದರು. ಆಮೇಲೆ ಬಿಸಿಲಿಗೆ ಚರ್ಮ ತಡೆಯುವುದಿಲ್ಲ ಎಂದು ಮಾರ್ಕೆಟ್ಟು ಬಿಡಿಸಿದರು. ಎಂಥ ಕಾಳಜಿ ಎಂದುಕೊಂಡೆ ನಾನು. ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ. ಲಾಂಡ್ರಿಯ ಬ್ಲೀಚಿನ ನೀರಿನಲ್ಲಿ ನನ್ನ ಕೈ ಬಿರಿದು ರಕ್ತ ಬಂದಾಗ ನಿನ್ನಪ್ಪ ತಿರುಗಿಯೂ ನೋಡಿದವರಲ್ಲ.

ಬಸ್ಸಿಳಿದ ಮೇಲೆ ನೀನು, ಅಳಿಯಂದಿರಿಗೆ ಹೇಳಿದ್ದ ಹೋಟೆಲಿನಲ್ಲಿ ರೂಮಿಲ್ಲವಂತೆ ಎಂದು ಬೇರೆ ಹೋಟೆಲಿಗೆ ಕರೆದುಕೊಂಡು ಹೋದೆ. ಚಾರ್ಜರ್ ಮರೆತು ಬಂದೆ, ಫೋನು ಸತ್ತುಹೋಯಿತು ಎಂದೆ. ನಾಲ್ಕನೇ ಮಹಡಿಯ ರೂಮು. ಎರಡು ಮಂಚ, ಒಂದು ಕಿಟಕಿ, ಕೆಳಗೆ ಟ್ರಾಮಿನ ಕಂಬಿ. ಚಹಾ ಕಪ್ಪಿನ ತಳದಿಂದ ನಾನು ಓಟ್ಸ್ ಅರೆದೆ. ತಿಂಡಿಯ ಮೇಜಿನಿಂದ ನೀನು ಜೇನಿನ ಪುಟ್ಟ ಡಬ್ಬಿ, ಮೊಸರು, ನಾಲ್ಕು ಹೋಳು ಸೌತೆಕಾಯಿಯನ್ನು ಕರವಸ್ತ್ರದಲ್ಲಿ ಕದ್ದು ತಂದೆ. "ಅಮ್ಮ, ಸೌತೆಕಾಯಿ ಕಳ್ಳಿ ಅಂತ ಹಿಡ್ಕೊಂಡ್ರೆ ಜಾಮೀನು ಕೊಡ್ತೀಯಾ?" ಎಂದು ಕೇಳಿದೆ. ನೀನು ತಮಾಷೆ ಮಾಡಿ ಎಷ್ಟು ವರ್ಷವಾಗಿತ್ತೋ. ಎರಡು ಚಮಚ ಓಟ್ಸ್, ಒಂದು ಚಮಚ ಜೇನು, ಕಲಸಲು ಬೇಕಾದಷ್ಟು ಮೊಸರು. ಅಷ್ಟೇ. ಹಣೆ, ಕೆನ್ನೆ, ಗಲ್ಲಕ್ಕೆ ಹಚ್ಚಿ, ಕಣ್ಣಿನ ಮೇಲೆ ಸೌತೆಕಾಯಿ ಇಟ್ಟು ಮಲಗಿಸಿದೆ. ಇಪ್ಪತ್ತು ನಿಮಿಷ ಮಾತಾಡಬೇಡ, ನಕ್ಕರೆ ಬಿರಿಯುತ್ತದೆ ಎಂದೆ. ನೀನು ಹೊಟ್ಟೆಯೊಳಗೇ ನಗುತ್ತಾ ಮಲಗಿದ್ದೆ, ಮಂಚ ಅಲುಗುತ್ತಿತ್ತು.

ಆಗ ನನಗೆ ಫೋನು ಬಂತು. "ಯಾರಮ್ಮಾ?" ಎಂದು ತುಟಿ ಅಲುಗಿಸದೆ ಕೇಳಿದೆ. "ಫೋನ್ ಕಂಪನಿಯವರು, ಅದೇನೋ ಸ್ಕೀಮಂತೆ" ಎಂದೆ.

ಕಂಪನಿಯವರಲ್ಲ ಚೂಟಿ. ಅಳಿಯಂದಿರು.

"ಅತ್ತೆ, ಅವಳ ಫೋನ್ ಸಿಗ್ತಿಲ್ಲ. ಗಾಬರಿ ಏನಿಲ್ಲ. ನಿಮ್ಮಿಬ್ರಿಗೂ ಒಂದು ಕೇಕ್ ಕಳಿಸೋಣ ಅಂತಿದ್ದೆ. ಯಾವ ಹೋಟೆಲು? ಅವಳಿಗೆ ಹೇಳ್ಬೇಡಿ, ಖುಷಿಯಾಗ್ಲಿ." ನಾನು ಕಿಟಕಿಯ ಹತ್ತಿರ ಹೋಗಿ, ನಿನಗೆ ಬೆನ್ನು ಹಾಕಿ, ಹೋಟೆಲಿನ ಹೆಸರು ಹೇಳಿದೆ. ಕೇಳದೆಯೇ ರೂಮಿನ ನಂಬರೂ ಹೇಳಿದೆ.

ಕೇಕಿನ ಮಾತನ್ನು ನಂಬಿಬಿಟ್ಟೆ ಎಂದು ಬರೆದರೆ ನೀನು ಒಪ್ಪಿಕೊಳ್ಳುತ್ತೀಯ. ಅಮ್ಮ ಹೆಡ್ಡಿ, ಮೋಸ ಹೋದಳು ಎನ್ನುತ್ತೀಯ. ನಿನ್ನೆಯಿಂದ ಹಾಗೇ ಬರೆಯುವುದೆಂದಿದ್ದೆ. ಆದರೆ ನಾನು ನಂಬಿರಲಿಲ್ಲ. ಬೆಳಿಗ್ಗೆ ಬಸ್ಸಿನಿಂದ ನಿನ್ನ ಚೀಲ ಇಳಿಸಿಕೊಟ್ಟೆನಲ್ಲ, ಆಗಲೇ ಅದು ಎರಡು ದಿನದ ಚೀಲವಲ್ಲ ಎಂದು ನನಗೆ ತಿಳಿದಿತ್ತು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆಯ ಮೂಟೆ ಎತ್ತಿದ ಕೈ ಇದು. ಒಳಗೆ ಎಷ್ಟು ಬಟ್ಟೆ ಇದೆ ಎಂದು ಬಿಚ್ಚದೆ ಹೇಳುತ್ತದೆ. ಇವಳು ಹಿಂದಿರುಗುವುದಿಲ್ಲ ಎಂದುಕೊಂಡೆ. ಮರುಕ್ಷಣವೇ, ಹಾಗಾದರೆ ನಾನೆಲ್ಲಿಗೆ ಹೋಗಲಿ ಎಂದುಕೊಂಡೆ. ಮೊದಲು ನಿನ್ನ ಯೋಚನೆ ಬರಲಿಲ್ಲ. ನನ್ನ ಮಂಚ, ನನ್ನ ಕಪಾಟು, ಇಳಿವಯಸ್ಸಿನಲ್ಲಿ ಮತ್ತೆ ಬಾಡಿಗೆಗೆ ರೂಮು ಹುಡುಕುವುದು, ಇವೇ ಬಂದವು. ಮೊಣಕಾಲಿನ ಆಪರೇಷನ್ ಮಾಡಿಸಿದವರು ಅವರು. ಲಿಫ್ಟು ಕೆಟ್ಟಿದ್ದ ದಿನ ನನ್ನನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿದವರು. ಒಂದು ದಿನವೂ ನಿನ್ನ ಮೇಲೆ ಕೈ ಎತ್ತಿದವರಲ್ಲ. ಇಂಥವರನ್ನು ಬಿಟ್ಟು ಹೋಗುವುದೆಂದರೆ ಏನು ಎಂದು ನನಗೆ ಸಿಟ್ಟೂ ಬಂದಿತ್ತು.

ಹೇಳಿ ಮುಗಿಸಿ ಬಂದು, ಒದ್ದೆ ಟವೆಲಿನಿಂದ ನಿನ್ನ ಮುಖ ಒರೆಸಿದೆ. ಕಲೆ ಎಷ್ಟೋ ತಗ್ಗಿತ್ತು. ನೀನು ಕನ್ನಡಿ ನೋಡಿಕೊಂಡು ನನ್ನ ಎರಡೂ ಕೈಗೆ ಮುತ್ತಿಟ್ಟೆ.

ಸಂಜೆ ನದಿಯ ಕಡೆ ಹೊರಡೋಣವೆಂದು ನೀನು ಶೂಸಿನ ಲೇಸು ಕಟ್ಟುತ್ತಿದ್ದಾಗ ಅಳಿಯಂದಿರು ಬಾಗಿಲು ತಟ್ಟಿದರು. ಕೈಯಲ್ಲಿ ಕೇಕಿನ ಡಬ್ಬಿ ಇತ್ತು, ಸುಳ್ಳಲ್ಲ. "ಮುಖ ಎಷ್ಟು ಚೆನ್ನಾಗಿ ಹೊಳೀತಿದೆ!" ಎಂದು ಬೆರಳ ಹಿಂಬದಿಯಿಂದ ನಿನ್ನ ಕೆನ್ನೆ ಸವರಿದರು. ನೀನು ಒಂದು ಲೇಸನ್ನು ಹಿಡಿದುಕೊಂಡೇ ಕೂತಿದ್ದೆ. ನಿನ್ನ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ನೋಡಿದೆ. ಹಳೆ ಬಟ್ಟೆಯಿಂದ ಬಣ್ಣ ಬಿಡುವುದನ್ನು ಸಾವಿರ ಸಲ ನೋಡಿದ್ದೇನೆ. ಅಷ್ಟು ಬೇಗ ಬಿಡುವುದನ್ನು ನೋಡಿರಲಿಲ್ಲ. ಒಳಗೆ ಬಂದು ಮಂಚದ ಮೇಲೆ ಕೂತು ಅವರೇ ಕೇಕು ಕತ್ತರಿಸಿದರು. ನಾವು ಮೂವರೂ ತಿಂದೆವು. "ಹೇಗೂ ಕಾರ್ ತಂದಿದೀನಿ, ಈ ಸಣ್ಣ ರೂಮಲ್ಲಿ ಯಾಕೆ ಕಷ್ಟ ಪಡ್ತೀರಿ" ಎಂದರು. ನಿನ್ನ ಚೀಲ ಕಟ್ಟಿದವಳು ನಾನೇ. ಒಳಗೆ ಚಳಿಗಾಲದ ಕೋಟು, ಸರ್ಟಿಫಿಕೇಟುಗಳ ಫೈಲು, ಮರೆತು ಬಂದೆ ಎಂದಿದ್ದ ಚಾರ್ಜರ್, ಕೆಲಸದ ವಿಷಯವಾಗಿ ಭಾನುವಾರ ಹತ್ತು ಗಂಟೆಗೆ ಬರಲು ಯಾವುದೋ ಕ್ಲಿನಿಕ್ಕಿನವರು ಬರೆದ ಕಾಗದ. ಎಲ್ಲವನ್ನೂ ಸೀರೆಯ ಮಡಿಕೆಯಲ್ಲಿ ಸುತ್ತಿ, ಅವರ ಕಣ್ಣಿಗೆ ಬೀಳದಂತೆ ತಳಕ್ಕೆ ತುರುಕಿದೆ. ಅಷ್ಟು ಮಾಡಿದೆನೆಂದು ಹೆಚ್ಚುಗಾರಿಕೆ ಏನಿಲ್ಲ.

ಕಾರಿನಲ್ಲಿ ನೀನು ಕೇಳಿದೆ, ಹೋಟೆಲು ಹೇಗೆ ಗೊತ್ತಾಯಿತು ಎಂದು. "ಒಂದೊಂದೇ ಹೋಟೆಲಿಗೆ ಫೋನ್ ಮಾಡ್ದೆ. ಆರನೇದ್ರಲ್ಲಿ ಸಿಕ್ಬಿಟ್ರಿ" ಎಂದು ನಕ್ಕರು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ನನ್ನನ್ನು ಉಳಿಸಿದರು ಎಂದುಕೊಂಡು ಉಸಿರು ಬಿಟ್ಟೆ. ಉಳಿಸಿದ್ದಲ್ಲ, ಕಟ್ಟಿಹಾಕಿದ್ದು ಎಂದು ಅರ್ಥವಾಗಲು ಎರಡು ವಾರ ಬೇಕಾಯಿತು. "ಅತ್ತೆ, ನಿನ್ನೆ ಮೂರು ಗಂಟೆಗೆ ಅವಳೆಲ್ಲಿದ್ಲು?" "ಅತ್ತೆ, ಯಾರ ಜೊತೆ ಮಾತಾಡ್ತಿದ್ಲು?" ಎಷ್ಟು ಮೆತ್ತಗೆ ಕೇಳುತ್ತಿದ್ದರೆಂದರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹೇಳದಿದ್ದರೆ ಆ ಶನಿವಾರದ ಮಾತು ನಿನ್ನ ಕಿವಿಗೆ ಬೀಳುತ್ತದೆಂಬ ಭಯ. ಹೇಳಿದೆ. ಪ್ರತಿ ಸಲವೂ ಹೇಳಿದೆ. ಆ ಗುಟ್ಟು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ನೀನು ಹೋದ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, "ಅಮ್ಮ, ಟೈಲರ್ ಹತ್ರ ಹೋಗಿ ಬರ್ತೀನಿ. ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಟೈಲರು. ಅಳತೆ ಕೊಡೋದಿದೆ, ತಡ ಆಗ್ಬಹುದು" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಹನ್ನೊಂದಕ್ಕೆ ಅವರು ಫೋನು ಮಾಡಿದಾಗ ನಾನು ಗಿಳಿಯ ಹಾಗೆ ಅದನ್ನೇ ಒಪ್ಪಿಸಿದೆ. ಅವರು ಸಮಾಧಾನವಾಗಿದ್ದರು. ಎರಡು ಗಂಟೆಗೆ ಟೈಲರ್ ಹತ್ತಿರ ಹೋಗಿ ನೋಡಿದಾಗ ಅಲ್ಲಿ ನೀನೂ ಇಲ್ಲ, ಅಳತೆಯೂ ಇಲ್ಲ. ಮೊದಲು ನನಗೆ ತುಂಬಾ ನೋವಾಯಿತು. ಹೆತ್ತ ತಾಯಿಗೂ ಹೇಳದೆ ಹೋದಳಲ್ಲ ಎಂದು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು: ಹೇಳಿಯೇ ಹೋಗಿದ್ದೀಯ. ನಾನು ಹೋಗಿ ಎಲ್ಲಿ ಹೇಳುತ್ತೇನೆಂದು ಗೊತ್ತಿದ್ದು, ಹೇಳಬೇಕಾದದ್ದನ್ನಷ್ಟೇ ನನ್ನ ಬಾಯಿಗೆ ಹಾಕಿ ಹೋಗಿದ್ದೀಯ. ಮೂರು ಗಂಟೆ ಗಳಿಸಿಕೊಂಡೆ. ಯಾವತ್ತು ತಿಳಿಯಿತು ನಿನಗೆ? ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದಾಗಲೇ? ಅಥವಾ ಲೇಪದ ಕೆಳಗೆ ಮಲಗಿಕೊಂಡೇ ನನ್ನ ಪಿಸುಮಾತು ಕೇಳಿಸಿಕೊಂಡಿದ್ದೆಯಾ? ಕೇಳಿಸಿಕೊಂಡೂ ಆಮೇಲೆ ನನ್ನ ಕೈಗೆ ಮುತ್ತಿಟ್ಟೆಯಾ? ಇದಕ್ಕೆ ಉತ್ತರ ಬರೆಯಬೇಡ.

ಬಾಯಿ ಹರಿಬಿಟ್ಟವಳಿಂದ ಮಗಳಿಗೆ ಒಮ್ಮೆಯಾದರೂ ಉಪಯೋಗವಾಯಿತಲ್ಲ ಎಂದು ನಗು ಬಂತು. ಆಮೇಲೆ ಕ್ಯಾಮೆರಾ ನೆನಪಾಗಿ ಮುಖ ಸರಿಮಾಡಿಕೊಂಡೆ.

ಈಗ ನಿನ್ನ ಜಾಗದಲ್ಲಿ ನಾನಿದ್ದೇನೆ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಲ್ಲಿಸಿ, "ಅತ್ತೆ, ಯಾಕೋ ಇಳಿದುಹೋಗಿದೀರಿ, ಹೊರಗೆ ಹೋಗ್ಬೇಡಿ" ಎನ್ನುತ್ತಾರೆ. ಹಾಲಿನವಳ ಜೊತೆ ನಾಲ್ಕು ಮಾತಾಡಿದರೆ ಏನು ಮಾತು ಎಂದು ಸಂಜೆ ಕೇಳುತ್ತಾರೆ. ಡಾಕ್ಟರಮ್ಮ ಜಾಗ ಇದೆ ಎಂದರು, ಬರಬೇಕೆಂದು ನನಗೂ ಆಸೆ. ಆದರೆ ನಾನು ಬಂದರೆ ಹಿಂದೆಯೇ ಅವರ ಕಾರೂ ಬರುತ್ತದೆ. ನಾನು ಇಲ್ಲಿರುವಷ್ಟು ದಿನ ಅವರ ಕಣ್ಣು ಇಲ್ಲಿರುತ್ತದೆ. ಇರಲಿ ಬಿಡು. ಇದನ್ನು ತ್ಯಾಗಗೀಗ ಎಂದುಕೊಳ್ಳಬೇಡ. ನನಗೆ ಹೆದರಿಕೆಯೂ ಇದೆ, ಮೊಣಕಾಲೂ ಇದೆ.

ಕೆನ್ನೆಗೆ ವಾರಕ್ಕೆರಡು ಸಲ ಹಚ್ಚು. ಜೇನು ಹೆಚ್ಚಾದರೆ ಅಂಟುತ್ತದೆ. ಬಿಸಿ ನೀರು ಬೇಡ, ಉಗುರುಬೆಚ್ಚಗಿರಲಿ. ಆಮೇಲೆ ಬಿಸಿಲಿಗೆ ಹೋಗು, ಧಾರಾಳವಾಗಿ ಹೋಗು.

ಮೆಷಿನ್ ಕೊನೆಯ ಸುತ್ತು ತಿರುಗುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ ಕ್ಷಮೆ ಕೇಳಲು ಬಾಯಿ ಬರದ
ಅಮ್ಮ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ನಾಳೆ ಡಾಕ್ಟರಮ್ಮನ ಕೈಗೆ ಎರಡು ಪತ್ರ ಹೋಗುತ್ತವೆ. ಇದನ್ನು ನಾನು ಒಳಗೆ, ಹಲ್ಲು ತೆಗೆದುಕೊಡುವಾಗ ಕೊಡುತ್ತೇನೆ. ಇನ್ನೊಂದನ್ನು ನಿನ್ನ ಗಂಡ ಹೊರಗೆ ನಿಂತು ಕೊಡುತ್ತಾನೆ. ಡಾಕ್ಟರಮ್ಮನಿಗೆ ನಿನ್ನ ಸುದ್ದಿ ಗೊತ್ತಿರಬಹುದೆಂದು ಅವನಿಗೆ ಗುಮಾನಿ. ಅದರಲ್ಲಿ, ಅಮ್ಮನಿಗೆ ಎದೆನೋವು, ಕೊನೆಯ ಸಲ ನೋಡಿ ಹೋಗು ಎಂದಿದೆ. ಅಕ್ಷರ ನನ್ನದೇ. ನಿನ್ನೆ ಸಂಜೆ ಅವನು ಹೇಳಿದ, ನಾನು ಬರೆದೆ. ಒಂದಕ್ಷರವೂ ತಪ್ಪಲಿಲ್ಲ. ನನಗೆ ಎದೆನೋವಿಲ್ಲ. ಬರಬೇಡ. ನಾಳೆ ಅದು ನಿಜವಾಗಿಯೂ ಬಂದರೂ ನೀನು ಬರಬೇಡ. ಮತ್ತೆ, ನಿನ್ನ ವಿಳಾಸ ನನಗೆ ತಿಳಿಸಬೇಡ; ಡಾಕ್ಟರಮ್ಮನೂ ಹೇಳಕೂಡದು ಎಂದು ಅವರಿಗೆ ಬರೆದುಬಿಡು. ಅವನು ಇನ್ನೊಮ್ಮೆ ಮೆತ್ತಗೆ ಕೇಳಿದರೆ ನಾನು ಹೇಳಿಬಿಡುತ್ತೇನೆ, ಮಗಳೇ.