‘ನಂಗೇನು’ ಎಂದ ಅಕ್ಕನಿಗೆ

ಜಡೆ ಹೆಣೆದು, ಬೈದು, ನನ್ನನ್ನು ಶಾಲೆಗೆ ಅಟ್ಟುತ್ತಿದ್ದ ಅಕ್ಕನಿಗೆ,

ನಿನ್ನನ್ನು ಆ ಆರೈಕೆ ಮನೆಯಲ್ಲಿ ಬಿಟ್ಟು ಬಂದು ಇವತ್ತಿಗೆ ಹನ್ನೊಂದು ದಿನ. ಈ ಕಾಗದವನ್ನು ಅಲ್ಲಿನ ನರ್ಸಮ್ಮ ನಿನ್ನ ಕೈಗೆ ಕೊಡುತ್ತಾರೆ. ನೀನು ಓದುತ್ತೀಯ, ಓದುವುದಕ್ಕೆ ನಿನಗೇನೂ ತೊಂದರೆಯಿಲ್ಲ. ಓದಿ, ಮಡಿಸಿ, ಬದಿಗಿಟ್ಟು, “ಟಿವಿ ಹಾಕಿ” ಅನ್ನುತ್ತೀಯ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಚಿಕ್ಕಂದಿನಿಂದ ನನ್ನ ಗೋಳನ್ನೆಲ್ಲ ನಿನ್ನ ಮುಂದೆಯೇ ತೋಡಿಕೊಂಡವಳು, ಈಗ ಇನ್ನಾರನ್ನು ಹುಡುಕಲಿ?

ನಿನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವವರ ಮುಖ ನೋಡಿಯೇ ಅವರ ಮನಸ್ಸಿನ ಅಳತೆ ತೆಗೆಯುತ್ತಿದ್ದವಳು ನೀನು. ಆ ಲೆಕ್ಕದ ಟೀಚರ್, ತೀರಿಕೊಂಡ ತಮ್ಮ ಗಂಡನ ಕೋಟು ತಂದು, ತಮ್ಮ ಅಳತೆಗೆ ಚಿಕ್ಕದು ಮಾಡಿಕೊಡಿ ಎಂದಿದ್ದರಲ್ಲ. ನೀನು ಒಂದು ಮಾತೂ ಕೇಳಲಿಲ್ಲ. ಕೋಟು ವಾಪಸು ಕೊಡುವಾಗ ಮಾತ್ರ, “ಎಡಗಡೆ ಜೇಬು ಮುಟ್ಟಿಲ್ಲ ಮೇಡಂ, ಅದ್ರಲ್ಲಿ ಅವರ ಬಸ್ ಟಿಕೆಟ್ ಇದೆ” ಅಂದೆ. ಟೀಚರ್ ಆ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮೆಟ್ಟಿಲಿಳಿದು ಹೋದರು.

ನನ್ನ ಕೆಲಸದ ಬಗ್ಗೆ ಮಾತ್ರ ನಿನಗೆ ಯಾವಾಗಲೂ ತಮಾಷೆ. “ನಾನು ಒಂದು ಕೋತಿ ಸಾಕ್ದೆ, ಅದು ಹೋಗಿ ನಲವತ್ತು ಸಾಕ್ತಿದೆ” ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದೆ. ಹತ್ತೊಂಬತ್ತು ವರ್ಷದಿಂದ ಆ ಸಂಶೋಧನಾಲಯದಲ್ಲಿ ಕೋತಿಗಳಿಗೆ ಹಣ್ಣು ಹೆಚ್ಚಿ, ಗೂಡು ತೊಳೆದು, ಪರೀಕ್ಷೆಯ ಕುರ್ಚಿಗೆ ಕರೆದೊಯ್ಯುತ್ತಿದ್ದೇನೆ. ಅಲ್ಲಿ ಎರಡು ಕೋತಿಗಳನ್ನು ಎದುರುಬದುರು ಕೂರಿಸುತ್ತಾರೆ. ಪರದೆಯ ಮೇಲೊಂದು ಚಿತ್ರ ಮುಟ್ಟಿದರೆ ತನಗೆ ಹಣ್ಣಿನ ರಸ, ಇನ್ನೊಂದು ಮುಟ್ಟಿದರೆ ಎದುರಿನದಕ್ಕೆ, ಮತ್ತೊಂದು ಮುಟ್ಟಿದರೆ ಯಾರಿಗೂ ಇಲ್ಲ. ತನಗೆ ಸಿಗದ ಸರದಿಯಲ್ಲೂ ಹೆಚ್ಚಿನವು ಎದುರಿನದಕ್ಕೆ ಸಿಗಲಿ ಎಂದೇ ಮುಟ್ಟುತ್ತವೆ. ಆದರೆ ನಾವು ‘ಮಾವ’ ಎಂದು ಕರೆಯುತ್ತಿದ್ದ ಒಂದು ಗಂಡು ಕೋತಿಗೆ ಕಾಯಿಲೆ ಬಂದು ಮೆದುಳಿನ ಮುಂಭಾಗಕ್ಕೆ ಪೆಟ್ಟಾಯಿತು. ಆಮೇಲೂ ತನ್ನ ರಸದ ಚಿತ್ರವನ್ನು ಅದು ಒಮ್ಮೆಯೂ ತಪ್ಪಿಸಲಿಲ್ಲ. ಎದುರಿನದರ ಬಾಯಿ ಒಣಗಿದೆಯೇ, ಒದ್ದೆಯಾಗಿದೆಯೇ ಎಂಬುದು ಮಾತ್ರ ಅದಕ್ಕೆ ಯಾವ ಲೆಕ್ಕಕ್ಕೂ ಇಲ್ಲದೆ ಹೋಯಿತು. ದಿನಾ ಅದಕ್ಕೆ ತಿನ್ನಿಸುತ್ತಿದ್ದವಳು ನಾನೇ.

ಅಂಥವಳು ನಿನ್ನಲ್ಲಿ ಅದನ್ನು ಗುರುತಿಸಲಿಲ್ಲ.

ನನಗೆ ಆಪರೇಷನ್ ಆಗಿ ಮಲಗಿದ್ದಾಗ ನೀನು ನೋಡಲು ಬಂದೆ. ಮಂಚದ ಪಕ್ಕದಲ್ಲಿದ್ದ ಹಣ್ಣನ್ನೆಲ್ಲ ತಿಂದು, ಟಿವಿ ನೋಡಿ, ಎದ್ದು ಹೊರಟೆ. ಹೇಗಿದ್ದೀಯಾ ಎಂದು ಕೇಳಲಿಲ್ಲ. ನೋವಾಗುತ್ತಿದೆ ಅಕ್ಕಾ ಎಂದು ನಾನೇ ಹೇಳಿದೆ. “ಹೊಲಿಗೆ ಹಾಕಿದ್ಮೇಲೆ ನೋಯುತ್ತೆ” ಎಂದು ನೀನು ಚಪ್ಪಲಿ ಮೆಟ್ಟಿದೆ. ನನ್ನ ಮೇಲೆ ಏನೋ ಮುನಿಸು ಎಂದುಕೊಂಡೆ. ನನಗೂ ಹಟವಿಲ್ಲವೇ? ಏಳು ತಿಂಗಳು ಮಾತು ಬಿಟ್ಟೆ. ಆ ಏಳು ತಿಂಗಳಲ್ಲಿ ಒಮ್ಮೆಯಾದರೂ ನೀನು ಯಾಕೆ ಎಂದು ಕೇಳಲಿಲ್ಲ ಎಂಬುದೇ ನನಗೆ ಇನ್ನಷ್ಟು ಉರಿ.

ಕೊನೆಗೆ ಮನೆಗೆ ಬಂದು ಹೇಳಿದವರು ಆ ಟೀಚರೇ. ಅಂಗಡಿಯಲ್ಲಿ ಕೂತು ಅದೇನೋ ನೆನೆದು ಅವರು ಅತ್ತಾಗ, “ಅಳೋದಾದ್ರೆ ಹೊರಗೆ ಹೋಗಿ, ಬಟ್ಟೆ ಒದ್ದೆಯಾಗುತ್ತೆ” ಅಂದೆಯಂತೆ. ಮಾರನೇ ವಾರ ಯಾರೋ ದಾರಿಹೋಕ ಕೇಳಿದನೆಂದು ಅಂಗಡಿಯ ಬೀಗದ ಕೈಯನ್ನೇ ಅವನಿಗೆ ಕೊಟ್ಟೆಯಂತೆ. “ನಿಮ್ಮಕ್ಕ ಕೆಟ್ಟವಳಾಗಿಲ್ಲಮ್ಮ, ಏನೋ ಆಗಿದೆ” ಎಂದು ಟೀಚರ್ ನನ್ನ ಕೈ ಹಿಡಿದುಕೊಂಡರು. ಮಾರನೇ ದಿನವೇ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಸ್ಕ್ಯಾನನ್ನು ದೀಪದ ಹಲಗೆಗೆ ಸಿಕ್ಕಿಸಿದಾಗ, ಅವರು ಬೆರಳಿಡುವ ಮೊದಲೇ ನನ್ನ ಕಣ್ಣು ಆ ಜಾಗಕ್ಕೆ ಹೋಗಿತ್ತು. ಹಣೆಯ ಹಿಂದೆ ಮೆದುಳು ಸೊರಗಿತ್ತು. ಮರುದಿನ ನಮ್ಮ ಸಂಶೋಧನಾಲಯದ ದೊಡ್ಡ ಮೇಡಂ ಮುಂದೆ ಆ ಚಿತ್ರ ಹಿಡಿದು ನಿಂತೆ. ಇಷ್ಟು ವರ್ಷ ಇದನ್ನೇ ಓದಿದವರು, ಏನಾದರೂ ದಾರಿ ಹೇಳಿಯಾರು ಎಂಬ ಆಸೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಲ್ಲಿ ಕೆಟ್ಟಿದೆ ಅಂತ ಹೇಳಬಲ್ಲೆ ಕಣಮ್ಮಾ. ಸರಿ ಮಾಡೋದು ನನಗೂ ಗೊತ್ತಿಲ್ಲ” ಅಂದರು. ಅವತ್ತೂ ನಾನು ನಲವತ್ತಕ್ಕೂ ಹಣ್ಣು ಹೆಚ್ಚಿದೆ.

ಆಮೇಲೆ ನಿನ್ನನ್ನು ನಮ್ಮ ಮನೆಗೇ ಕರೆತಂದೆ. ನಾನು ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ನೀನು ಕಿಟಕಿಯಿಂದ ಇಳಿದೆ. ಎರಡು ಸಲ ನಟ್ಟ ನಡುರಸ್ತೆಯಿಂದ ಪಕ್ಕದ ಮನೆಯವರು ಎಳೆದುತಂದರು. ಕೆಲಸ ಬಿಡೋಣವೆಂದರೆ ಒಲೆ ಉರಿಯುತ್ತಿದ್ದದ್ದೇ ನನ್ನ ಸಂಬಳದಿಂದ.

ಕೊನೆಗೆ ನಿನ್ನ ಬದಲು ನಾನು ತೀರ್ಮಾನ ಮಾಡುವ ಅಧಿಕಾರದ ಕಾಗದಕ್ಕಾಗಿ ಸರ್ಕಾರಿ ಕಚೇರಿಗೆ ಹೋದೆವು. ಗುಮಾಸ್ತರು ಒಳ್ಳೆಯವರು, ನಿನ್ನನ್ನೇ ಕೇಳಿದರು. “ಇವರು ನಿಮಗೇನಾಗ್ಬೇಕು?” “ತಂಗಿ” ಅಂದೆ ನೀನು. “ಇನ್ಮುಂದೆ ನೀವೆಲ್ಲಿರಬೇಕು ಅನ್ನೋದನ್ನ ಇವರೇ ತೀರ್ಮಾನ ಮಾಡ್ತಾರೆ, ಒಪ್ಪಿಗೆನಾ?”

ನಾನು ಕಾದೆ ಅಕ್ಕಾ. ಬೇಡ ಅನ್ನು, ನನ್ನ ಕೆನ್ನೆಗೆ ಬಾರಿಸು, ನಿನ್ನ ಸಾಕಿದ್ದಕ್ಕೆ ಇದಾ ಎಂದು ಕೂಗು ಎಂದು ಒಳಗೊಳಗೇ ಬೇಡಿಕೊಂಡೆ.

“ಮಾಡ್ಲಿ ಬಿಡಿ, ನಂಗೇನು” ಅಂದೆ ನೀನು.

ಗುಮಾಸ್ತರು ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು. ನಾನು ಸಹಿ ಹಾಕಿದೆ.

ಆ ಆರೈಕೆ ಮನೆಯಲ್ಲಿ ನಿನ್ನ ಕೋಣೆ ಗಾಳಿ ಬೆಳಕಿನದೇ. ನೀನು ಮಂಚದ ಮೇಲೆ ಕೂತು, ಅಂಗೈಯಿಂದ ಒತ್ತಿ ನೋಡಿ, ಹಾಸಿಗೆ ಚೆನ್ನಾಗಿದೆ ಅಂದೆ. ನಾನು ನಿನ್ನ ಸೀರೆಗಳನ್ನು ಕಪಾಟಿನಲ್ಲಿಟ್ಟೆ. ಮತ್ತೆ ತೆಗೆದು ಮತ್ತೆ ಮಡಿಸಿದೆ. ಇನ್ನು ಮಾಡಲು ಏನೂ ಉಳಿಯದಾಗ, “ಹೋಗ್ಬರ್ತೀನಿ ಅಕ್ಕಾ” ಅಂದೆ.

“ಹ್ಞೂ. ಬಾಗ್ಲು ಹಾಕ್ಕೊಂಡು ಹೋಗು.”

ಹಾಕಿಕೊಂಡು ಬಂದೆ.

ಭಾನುವಾರ ಬರುತ್ತೇನೆ, ಅದರ ಮುಂದಿನ ಭಾನುವಾರವೂ. ನಿನಗೆ ಕಣ್ತುಂಬ ನಿದ್ದೆ ಬರಲಿ. ಕಾಯುವ ಸಂಕಟ ನಿನ್ನ ಹತ್ತಿರವೂ ಸುಳಿಯದಿರಲಿ, ಅದಕ್ಕೆ ನಾನಿದ್ದೇನೆ.

ನಿನ್ನ ತಂಗಿ