ಆರನೆಯ ಬೆರಳು

ಫೆಬ್ರವರಿ 11, ಮಂಗಳವಾರ

ಅಜ್ಜಿಯ ಆ ನಗು ಇಡೀ ದಿನ ನನ್ನ ಬೆನ್ನು ಬಿಡಲಿಲ್ಲ.

ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ಕೊಂಡ ಹಿಂದಿ ಕಿರುಪುಸ್ತಕ ಹೇಳುವುದು ಇಷ್ಟೇ: ಹಗಲಿನಲ್ಲಿ ಆಗಾಗ ಅಂಗೈ ನೋಡಿ ಬೆರಳೆಣಿಸಿ, ಇದು ಕನಸೇ ಎಂದು ಕೇಳಿಕೊಳ್ಳಿ. ರೂಢಿಯಾದರೆ ಕನಸಿನಲ್ಲೂ ಎಣಿಸುತ್ತೀರಿ. ಅಲ್ಲಿ ಲೆಕ್ಕ ತಪ್ಪಿದಾಗ, ನಿದ್ದೆಯಲ್ಲಿದ್ದೇ ಇದು ಕನಸೆಂದು ತಿಳಿಯುತ್ತದೆ; ಆಮೇಲೆ ಕನಸು ನೀವು ಹೇಳಿದಂತೆ ನಡೆಯುತ್ತದೆ. ಮನುಷ್ಯ ನಿದ್ದೆಯಲ್ಲೂ ಯಾರ ಆಳೂ ಆಗಿರಬಾರದು ಎನ್ನುವವಳು ನಾನು. ಹನ್ನೆರಡು ರಾತ್ರಿ ಸೋತೆ.

ಇವತ್ತು ಬೆಳಗಿನ ಜಾವ ಗೆದ್ದೆ. ಲಿಂಗಂಪಲ್ಲಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತು ಎಣಿಸಿದರೆ ಆರು ಬೆರಳು. ಕನಸೆಂದು ಗೊತ್ತಾಯಿತು. ಹಾರು ಎಂದೆ, ರೈಲು ಹಾರಿತು. ಸಂತೋಷ ತಡೆಯಲಾರದೆ ಎಚ್ಚರವಾಯಿತು. ಈಗ ಎದ್ದಿರುವುದು ನಿಜವೇ ಎಂದು ನೋಡಲು ಹಾಸಿಗೆಯಲ್ಲೇ ಎರಡೂ ಅಂಗೈ ಮುಖದ ಮುಂದೆ ಹಿಡಿದೆ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಎದ್ದ ಕೂಡಲೆ ಅಂಗೈ ನೋಡ್ಕೋ, ಅಲ್ಲಿ ಲಕ್ಷ್ಮಿ ಇರ್ತಾಳ ಅಂತ ಹತ್ತು ವರ್ಷ ಹೇಳೀನಿ. ಮೂಢನಂಬಿಕಿ ಅಂತಿದ್ದಿ. ಈಗ ಬುದ್ಧಿ ಬಂತೇನು, ಶೈಲಾ?"

"ಇದು ಬ್ಯಾರೆ ಅಜ್ಜಿ. ಬೆರಳು ಎಣಿಸಾಕತ್ತೀನಿ."

"ಎಣಿಸವ್ವಾ. ಲಕ್ಷ್ಮಿಗೂ ಎಣಿಸೋರಂದ್ರ ಭಾಳ ಪ್ರೀತಿ" ಎಂದು ನಕ್ಕಳು.

ನಾಳೆ ಅವಳು ಏಳುವ ಮೊದಲೇ ಎಣಿಸಿಬಿಡಬೇಕು. ಆದರೆ ಅವಳು ನಾಲ್ಕಕ್ಕೇ ಏಳುತ್ತಾಳೆ. ಇವತ್ತು ರಾತ್ರಿಯ ಕನಸಿನಲ್ಲಿ ಅವಳನ್ನೇ ಆ ರೈಲಿಗೆ ಹತ್ತಿಸಿಕೊಂಡು ವಾದ ಮುಗಿಸುತ್ತೇನೆ. ಅಲ್ಲಿ ಎಲ್ಲವೂ ನಾನು ಹೇಳಿದಂತೆಯೇ ನಡೆಯುತ್ತದೆ. ಅಜ್ಜಿಯೂ ಕೇಳುತ್ತಾಳೆ, ಬಹುಶಃ...