ದಿನಾ ಬೆಳಗಾದರೆ ಕ್ರಿಸ್ಮಸ್

ತಮ್ಮಾ,

ಅಪ್ಪ ಮತ್ತೆ ಬಾಲಯೇಸುವಿನ ಗೊಂಬೆಯನ್ನು ಗೋದಲಿಯಲ್ಲಿ ಮಲಗಿಸಿಬಿಟ್ಟಿದ್ದಾರೆ. ಅಮ್ಮ ಇದ್ದಾಗ ಇಪ್ಪತ್ತನಾಲ್ಕರ ಸಂಜೆಗೆ ಮುಂಚೆ ಅದನ್ನು ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ಅಪ್ಪನಿಗೆ ದಿನಾ ಬೆಳಗಾದರೆ ಕ್ರಿಸ್ಮಸ್. ಇನ್ನೂ ಒಂಬತ್ತು ದಿನ ಇದೆ ಅಂತ ಹೇಳಿ ಹೇಳಿ ನನಗೆ ಸಾಕಾಯಿತು. ನಿನ್ನೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. "ಮಗು ಎಲ್ಲಿ" ಅಂತ ಮನೆಯೆಲ್ಲ ಹುಡುಕಿ ಅತ್ತುಬಿಟ್ಟರು. ಇನ್ನು ಗೋದಲಿಯಿಂದ ತೆಗೀಬೇಡ, ಅಲ್ಲೇ ಇರಲಿ.

ಅಪ್ಪ ಹಬ್ಬದ ಶುಭಾಶಯ ಅಂದರೆ ನೀನೂ ಅನ್ನು, ಎಷ್ಟು ಸಲವಾದರೂ. ಕೇಕು ತೆಳ್ಳಗೆ ಕೊಯ್ದು ಕೊಡು, ಸಕ್ಕರೆ ಕಾಯಿಲೆ ನೆನಪಿರಲಿ.

ಈ ವರ್ಷದಿಂದ ಹೊಸ ಪದ್ಧತಿಗಳು ಅಂತ ಫ್ರಿಜ್ಜಿಗೆ ಅಂಟಿಸಿದ್ದೆನಲ್ಲ, ಆ ಪಟ್ಟಿ ಹರಿದುಹಾಕು. ಇನ್ನು ಈ ಚೀಟಿಯಲ್ಲಿರುವುದೇ ಪದ್ಧತಿ.

ಅಮ್ಮ ಎಲ್ಲಿ ಅಂತ ಕೇಳಿದರೆ ಚರ್ಚಿಗೆ ಹೋಗಿದ್ದಾಳೆ ಅನ್ನು. ಬೆಳಿಗ್ಗೆ ನಾನೂ ಹಾಗೇ ಅಂದೆ. ಆಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ಕಾದೆವು.

ಅಕ್ಕ